ಮೂರನೆಯ ಕಾಲು ಎಲ್ಲಿಂದ ಬಂತು?

(ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಅವನ್ನು ಮಾತಿನಲ್ಲೇ ಬಿಡಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಸಭೆಯಲ್ಲಿ ಫುಟ್‌ಬಾಲ್ ನೋಡುವವರು ಎಷ್ಟು ಮಂದಿ ಇದ್ದೀರಿ? ಸಾಕಷ್ಟು ಕೈಗಳು ಕಾಣುತ್ತಿವೆ. ಹಾಗಾದರೆ ಜಪಾನ್ ತಂಡದ ನೀಲಿ ಅಂಗಿಯನ್ನು ನೋಡಿರುತ್ತೀರಿ. ಅದರ ಎದೆಯ ಮೇಲಿನ ಲಾಂಛನವನ್ನು ಹತ್ತಿರದಿಂದ ಗಮನಿಸಿದ್ದೀರಾ? ಅಲ್ಲಿರುವುದು ಒಂದು ಕಾಗೆ. ಕಾಲ ಬಳಿ ಚೆಂಡಿದೆ. ಕಾಲುಗಳನ್ನು ಎಣಿಸಿದರೆ ಮೂರು. ನಾನು ಕಾಗೆ ಹಾರಿಸುತ್ತಿಲ್ಲ, ಮನೆಗೆ ಹೋಗಿ ಮೊಬೈಲಿನಲ್ಲಿ ನೋಡಿಕೊಳ್ಳಿ. ಜಪಾನಿನ ಫುಟ್‌ಬಾಲ್ ಸಂಸ್ಥೆ 1931ರಲ್ಲಿಯೇ ಈ ಲಾಂಛನವನ್ನು ಆರಿಸಿಕೊಂಡಿತು.

ನಮ್ಮಲ್ಲಿ ಯಾವುದಾದರೂ ತಂಡ ಕಾಗೆಯನ್ನು ಎದೆಯ ಮೇಲೆ ಹೊತ್ತೀತೇ? ಹುಲಿ ಆದೀತು, ಸಿಂಹ ಆದೀತು, ಗೂಳಿಯೂ ಆದೀತು. ಕಾಗೆ ತಲೆಗೆ ತಾಗಿದರೆ ಸ್ನಾನ ಮಾಡುವವರು ನಾವು. ವರ್ಷದಲ್ಲಿ ಒಂದೆರಡು ದಿನ ಮಾತ್ರ ಎಲೆಯ ತುದಿಯಲ್ಲಿ ಅನ್ನವಿಟ್ಟು, ಬರಲಿಲ್ಲವಲ್ಲ ಎಂದು ಕತ್ತು ಉದ್ದ ಮಾಡಿ ಮಾಡಿನ ಕಡೆ ನೋಡುತ್ತೇವೆ.

ಈ ಮೂರು ಕಾಲಿನ ಕಾಗೆಯ ಬೆನ್ನು ಹತ್ತಿ ಚೀನಾ, ಕೊರಿಯಾ, ಜಪಾನುಗಳ ಹಳೆಯ ಪುಟಗಳನ್ನು ಓದುತ್ತಾ ಹೋದಾಗ ನನಗೆ ಅನಿಸಿದ್ದು ಇಷ್ಟು: ಮೂರನೆಯ ಕಾಲು ಆಮೇಲೆ ಅಂಟಿಕೊಂಡದ್ದು. ಅದಕ್ಕೂ ಮೊದಲು ಆ ಕಾಗೆಗೆ ಒಂದು ನೌಕರಿ ಇತ್ತು. ಹೊರುವುದು, ಒಯ್ಯುವುದು, ಮುಟ್ಟಿಸುವುದು. ಕಾಗೆ ಅಲ್ಲಿ ಓಲೆಕಾರ. ಕಾಲು ಎಷ್ಟಿದ್ದರೂ ಓಲೆಕಾರನನ್ನು ಅಳೆಯುವುದು ಅವನು ಓಲೆ ಮುಟ್ಟಿಸಿದನೇ ಇಲ್ಲವೇ ಎಂಬುದರಿಂದ.

ಮೊದಲ ಚಿತ್ರ. ಚೀನಾದ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಬಳಿ ಮಾವಾಂಗ್‌ದೂಯಿ ಎಂಬಲ್ಲಿ 1972ರಲ್ಲಿ ಒಂದು ಸಮಾಧಿಯನ್ನು ಅಗೆದರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಹಾನ್ ಕಾಲದ ಶ್ರೀಮಂತ ಹೆಂಗಸೊಬ್ಬಳ ಸಮಾಧಿ ಅದು. ದೇಹ ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ ವೈದ್ಯರು ಮರಣೋತ್ತರ ಪರೀಕ್ಷೆಯನ್ನೇ ನಡೆಸಿದರು. ನಮಗೆ ಬೇಕಾದದ್ದು ಒಳಗಿನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ರೇಷ್ಮೆಯ ಪಟ. ಆಳೆತ್ತರಕ್ಕಿಂತ ಉದ್ದದ ಆ ಪಟದ ಮೇಲ್ಭಾಗದಲ್ಲಿ ಸ್ವರ್ಗವಿದೆ. ಎಡಗಡೆ ಚಂದ್ರ, ಅದರ ಜೊತೆಗೆ ಕಪ್ಪೆ ಮತ್ತು ಮೊಲ. ಚಂದ್ರನಲ್ಲಿ ಮೊಲವನ್ನು ಕಂಡು ಶಶಾಂಕ ಎಂದು ಕರೆದ ನಮಗೆ ಅದು ಹೊಸತಲ್ಲ. ಬಲಗಡೆ ಕೆಂಪು ಸೂರ್ಯ. ಸೂರ್ಯನೊಳಗೆ, ಹೊಸದಾಗಿ ಇದ್ದಿಲಿನಿಂದ ಬರೆದಂತೆ, ಕಪ್ಪು ಕಾಗೆ. ಅದರ ಕಾಲುಗಳನ್ನು ಎಣಿಸಿ. ಎರಡೇ.

ಸೂರ್ಯನ ಕೆಳಗೆ ಒಂದು ಬಳುಕುವ ಮರ, ಅದರ ಕೊಂಬೆಗಳ ನಡುವೆ ಎಂಟು ಸಣ್ಣ ಕೆಂಪು ಬಿಲ್ಲೆಗಳು. ಅವೂ ಸೂರ್ಯರು ಎಂದೇ ಸಾಮಾನ್ಯವಾಗಿ ಓದುತ್ತಾರೆ. ಈ ಮರದ ಹೆಸರು ಫುಸಾಂಗ್. ‘ಶಾನ್‌ಹಾಯ್‌ಜಿಂಗ್’ ಎಂಬ ಪ್ರಾಚೀನ ಗ್ರಂಥದ ಪ್ರಕಾರ ಪೂರ್ವ ದಿಕ್ಕಿನ ಬಿಸಿನೀರಿನ ಕಣಿವೆಯಲ್ಲಿ ಈ ಮರವಿದೆ. ಶಿಹೆ ಎಂಬ ತಾಯಿಗೆ ಹತ್ತು ಮಂದಿ ಸೂರ್ಯರು ಮಕ್ಕಳು. ಒಂಬತ್ತು ಜನ ಕೆಳಗಿನ ಕೊಂಬೆಗಳಲ್ಲಿ ಸರದಿಗಾಗಿ ಕಾಯುತ್ತಾರೆ, ಒಬ್ಬ ಮೇಲಿನ ಕೊಂಬೆಯಲ್ಲಿರುತ್ತಾನೆ. ಒಬ್ಬ ಸೂರ್ಯ ಮರಳಿ ಬರುತ್ತಿದ್ದಂತೆ ಇನ್ನೊಬ್ಬ ಹೊರಡುತ್ತಾನೆ. ಆಮೇಲೆ ಆ ಗ್ರಂಥ ಒಂದು ಸಣ್ಣ ಮಾತು ಸೇರಿಸುತ್ತದೆ: ಅವರನ್ನೆಲ್ಲ ಹೊತ್ತೊಯ್ಯುವುದು ಕಾಗೆ. ನಮ್ಮ ಸೂರ್ಯನಿಗೆ ಏಳು ಕುದುರೆಗಳ ರಥವಿದೆ, ಅರುಣನೆಂಬ ಸಾರಥಿ ಇದ್ದಾನೆ. ಅಲ್ಲಿ ಆ ಇಡೀ ಸಾರಿಗೆ ವ್ಯವಸ್ಥೆಯೇ ಕಾಗೆಯ ಬೆನ್ನ ಮೇಲಿದೆ.

ಒಂದು ದಿನ ಹತ್ತೂ ಸೂರ್ಯರು ಒಟ್ಟಿಗೆ ಹೊರಟುಬಿಟ್ಟರು. ಬೆಳೆ ಒಣಗಿತು, ಮರ ಸುಟ್ಟಿತು. ಆಗ ಯಿ ಎಂಬ ಬಿಲ್ಲುಗಾರ ಒಂಬತ್ತು ಸೂರ್ಯರನ್ನು ಹೊಡೆದು ಕೆಡವಿದ. ಚೂ ನಾಡಿನ ಒಂದು ಹಳೆಯ ಕಾವ್ಯವಂತೂ ಪೂರ್ತಿ ಪ್ರಶ್ನೆಗಳಲ್ಲೇ ಇದೆ. ಯಿ ಸೂರ್ಯರನ್ನು ಹೇಗೆ ಹೊಡೆದ, ಕಾಗೆಗಳ ಗರಿಗಳು ಎಲ್ಲಿ ಉದುರಿದವು ಎಂದು ಅದು ಕೇಳುತ್ತದೆ. ನನ್ನ ಮನಸ್ಸು ಸಿಕ್ಕಿಕೊಂಡಿರುವುದು ಆ ಗರಿಗಳಲ್ಲಿ. ಸೂರ್ಯ ಸತ್ತರೆ ಏನು ಬೀಳಬೇಕು? ಬೆಂಕಿ, ಬೂದಿ. ಕವಿಗೆ ಕಂಡದ್ದು ಗರಿ.

ಬಾಣ ಬಿಟ್ಟವನು ಯಿ ಒಬ್ಬನೇ ಅಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ವಾಂಗ್ ಚೊಂಗ್ ಎಂಬ ಪಂಡಿತ ತನ್ನ ‘ಲುನ್‌ಹೆಂಗ್’ ಗ್ರಂಥದಲ್ಲಿ ಸೂರ್ಯನೊಳಗಿನ ಕಾಗೆಗೆ ತರ್ಕದ ಬಾಣ ಹೂಡಿದ. ಸೂರ್ಯ ಆಕಾಶದ ಬೆಂಕಿ. ಆಕಾಶದ ಬೆಂಕಿಗೂ ನೆಲದ ಬೆಂಕಿಗೂ ವ್ಯತ್ಯಾಸವಿಲ್ಲ. ನೆಲದ ಬೆಂಕಿಯಲ್ಲಿ ಜೀವಿ ಇರುವುದಿಲ್ಲ, ಬಿದ್ದರೆ ಸುಟ್ಟು ಸಾಯುತ್ತದೆ. ಹಾಗಿದ್ದ ಮೇಲೆ ಕಾಗೆ ಅಲ್ಲಿ ಹೇಗೆ ನಿಂತೀತು? ಅಲ್ಲಿಗೇ ಬಿಡದೆ, ಚಂದ್ರ ನೀರಾದರೆ ಮೊಲ ಅದರಲ್ಲಿ ಮುಳುಗದೆ ಹೇಗೆ ಇರುತ್ತದೆ ಎಂದೂ ಕೇಳಿದ. ಇಂಥ ಮನುಷ್ಯ ಪ್ರತಿ ಊರಿನಲ್ಲೂ ಒಬ್ಬನಿರಬೇಕು. ಅವನು ಬೈಯುವಾಗ ಎತ್ತಿಕೊಂಡ ಮಾತು ‘ಮೂರು ಕಾಲಿನ ಕಾಗೆ’ ಎಂದೇ ಇದೆ. ಅಂದರೆ ಮಾವಾಂಗ್‌ದೂಯಿಯಿಂದ ವಾಂಗ್ ಚೊಂಗ್‌ವರೆಗಿನ ಇನ್ನೂರು ಚಿಲ್ಲರೆ ವರ್ಷಗಳಲ್ಲಿ, ಮೂರನೆಯ ಕಾಲು ಬೈಯುವಷ್ಟರ ಮಟ್ಟಿಗೆ ಪಂಡಿತರಲ್ಲಿ ನೆಲೆಯೂರಿತ್ತು.

ಮೂರೇ ಏಕೆ? ಹಾನ್ ಕಾಲದ ಪಂಡಿತರು ಲೋಕವನ್ನೆಲ್ಲ ಯಿನ್ ಮತ್ತು ಯಾಂಗ್ ಎಂಬ ಎರಡು ಎದುರುಬದುರು ಶಕ್ತಿಗಳಾಗಿ ಪಾಲು ಮಾಡುತ್ತಿದ್ದರು. ಸೂರ್ಯ ಯಾಂಗ್. ಬೆಸ ಸಂಖ್ಯೆಗಳೂ ಯಾಂಗ್. ಸೂರ್ಯನಲ್ಲಿರುವ ಹಕ್ಕಿಗೆ ಎರಡು ಕಾಲಿದ್ದರೆ ಲೆಕ್ಕ ತಪ್ಪುತ್ತದೆ. ಹೀಗಾಗಿ ಮೂರು. ಗುಮಾಸ್ತನೊಬ್ಬ ಕಡತ ಸರಿಪಡಿಸಿದ ಹಾಗೆ ಒಂದು ಕಾಲು ಸೇರಿಸಿದರು ಎನ್ನಿ.

ಕಾಗೆಯೇ ಏಕೆ ಎಂಬುದಕ್ಕೆ ಇನ್ನೊಂದು ಉತ್ತರವನ್ನು ನೀವು ಕೇಳಿರಬಹುದು: ಸೂರ್ಯನ ಕಲೆಗಳು. ಕ್ರಿಸ್ತಪೂರ್ವ 28ರಲ್ಲಿ ಸೂರ್ಯ ಹಳದಿಯಾಗಿ ಮೂಡಿದ, ನಡುವೆ ನಾಣ್ಯದಷ್ಟು ದೊಡ್ಡ ಕಪ್ಪು ಛಾಯೆ ಇತ್ತು ಎಂದು ಹಾನ್ ವಂಶದ ಇತಿಹಾಸದಲ್ಲಿ ದಾಖಲಾಗಿದೆ. ದೂಳು ತುಂಬಿದ ಬೆಳಗಿನಲ್ಲಿ ದೊಡ್ಡ ಕಲೆ ಬರಿಗಣ್ಣಿಗೆ ಕಾಣುತ್ತದೆ. ಅದನ್ನೇ ಕಾಗೆ ಎಂದುಕೊಂಡರು ಎಂಬ ವಾದ ಸೊಗಸಾಗಿದೆ. ಆದರೆ ಆ ದಾಖಲೆ ಬರೆದವನು ಕಾಗೆ ಎನ್ನಲಿಲ್ಲ, ನಾಣ್ಯದಷ್ಟು ಎಂದ. ಅದೂ ಅಲ್ಲದೆ ಕಾಗೆ ಅದಕ್ಕಿಂತ ಮೊದಲೇ ರೇಷ್ಮೆಯ ಮೇಲೆ ಕುಳಿತಿತ್ತು. ಕಾಕತಾಳೀಯ ಎಂಬ ಮಾತನ್ನು ಇಷ್ಟು ಸರಿಯಾಗಿ ಬಳಸುವ ಅವಕಾಶ ನನಗೆ ಮತ್ತೆ ಸಿಗಲಿಕ್ಕಿಲ್ಲ. ನನ್ನ ಮಟ್ಟಿಗೆ ಇದು ಇನ್ನೂ ಸರಳ. ಬೆಳಗಾಗುವ ಮುನ್ನ ಕೂಗಿ ಹೊರಡುವ, ಮುಳುಗುವ ಹೊತ್ತಿಗೆ ಗುಂಪಾಗಿ ಮರಕ್ಕೆ ಮರಳುವ ಹಕ್ಕಿ ಯಾವುದು? ಸೂರ್ಯನ ಕಚೇರಿಯ ವೇಳೆಯನ್ನು ಅದರಷ್ಟು ನಿಯತ್ತಾಗಿ ಪಾಲಿಸುವವರು ಬೇರೆ ಯಾರಿದ್ದಾರೆ?

ಕೊರಿಯಾಕ್ಕೆ ಬರೋಣ. ಅಲ್ಲಿ ಈ ಹಕ್ಕಿಗೆ ಸಾಮ್‌ಜೊಗೊ ಎಂದು ಹೆಸರು. ಗೊಗುರ್ಯೊ ಎಂಬ ಪ್ರಾಚೀನ ರಾಜ್ಯದ ಸಮಾಧಿಗಳ ಗೋಡೆಗಳ ಮೇಲೆ, ಸೂರ್ಯನ ವೃತ್ತದೊಳಗೆ, ನೆತ್ತಿಯ ಮೇಲೆ ಜುಟ್ಟು ಬಿಟ್ಟುಕೊಂಡು ಬೀಗುತ್ತಾ ನಿಂತಿದೆ. ಈ ಸಮಾಧಿಗಳು ಇಂದು ಉತ್ತರ ಕೊರಿಯಾ ಮತ್ತು ಚೀನಾ ಎರಡರಲ್ಲೂ ಇವೆ. 2004ರಲ್ಲಿ ಎರಡೂ ಕಡೆಯವು ಬೇರೆ ಬೇರೆ ತಾಣಗಳಾಗಿ ಒಂದೇ ಸಲಕ್ಕೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ವರ್ಷಗಳಲ್ಲಿ ಗೊಗುರ್ಯೊ ಯಾರ ಇತಿಹಾಸ ಎಂಬ ಜಗಳ ಜೋರಾಯಿತು. ದಕ್ಷಿಣ ಕೊರಿಯಾದ ಟಿವಿ ಧಾರಾವಾಹಿಗಳ ಬಾವುಟಗಳ ಮೇಲೆ ಮೂರು ಕಾಲಿನ ಕಾಗೆ ಹಾರಾಡಿತು. ಗಡಿ ಜಗಳದಲ್ಲಿ ಕಾಗೆ ಸಾಕ್ಷಿ ಹೇಳಬೇಕಾಗಿ ಬಂದದ್ದರ ಬಗ್ಗೆ ಇಷ್ಟು ಸಾಕು, ನನಗೆ ಅದರಲ್ಲಿ ಹೆಚ್ಚು ರುಚಿಯಿಲ್ಲ. ರುಚಿ ಇರುವುದು ಶಿಲ್ಲಾ ರಾಜ್ಯದ ಒಂದು ಕಥೆಯಲ್ಲಿ. ಅಲ್ಲಿನ ಕಾಗೆಗೆ ಎರಡೇ ಕಾಲು. ಇದು ಹದಿಮೂರನೆಯ ಶತಮಾನದಲ್ಲಿ ಇರ್ಯೊನ್ ಎಂಬ ಭಿಕ್ಷು ಸಂಗ್ರಹಿಸಿದ ‘ಸಾಮ್‌ಗುಕ್ ಯುಸಾ’ದಲ್ಲಿದೆ.

ಕ್ರಿಸ್ತಶಕ 488. ರಾಜ ಸೊಜಿ ಒಂದು ಮಂಟಪಕ್ಕೆ ಬಂದಿದ್ದಾನೆ. ಒಂದು ಕಾಗೆ, ಒಂದು ಇಲಿ ಎದುರಿಗೆ ಬಂದು ಕೂಗುತ್ತವೆ. ಇಲಿ ಮನುಷ್ಯರ ಮಾತಿನಲ್ಲಿ ಹೇಳುತ್ತದೆ: ಈ ಕಾಗೆ ಎಲ್ಲಿ ಹೋಗುತ್ತದೋ ಅಲ್ಲಿಗೆ ಹೋಗಿ. ರಾಜ ಒಬ್ಬ ಸವಾರನನ್ನು ಅಟ್ಟುತ್ತಾನೆ. ಸವಾರ ಹೋಗುತ್ತಾ ಹೋಗುತ್ತಾ ಒಂದು ಹಳ್ಳಿಯಲ್ಲಿ ಎರಡು ಹಂದಿಗಳು ಕಾದಾಡುವುದನ್ನು ಕಾಣುತ್ತಾನೆ. ರಾಜಕಾರ್ಯವನ್ನು ಮರೆತು ಹಂದಿ ಕಾಳಗ ನೋಡುತ್ತಾ ನಿಂತುಬಿಡುತ್ತಾನೆ. ತಲೆ ಎತ್ತಿದರೆ ಕಾಗೆ ಇಲ್ಲ. ಸರ್ಕಾರಿ ನೌಕರರ ಬಗ್ಗೆ ನಾನೇನೂ ಹೇಳುವುದಿಲ್ಲ. ದಿಕ್ಕು ತೋಚದೆ ಅಲೆಯುವಾಗ ಕೊಳದಿಂದ ಒಬ್ಬ ಮುದುಕ ಎದ್ದು ಬಂದು ಪತ್ರವೊಂದನ್ನು ಕೊಡುತ್ತಾನೆ. ಹೊರಗೆ ಹೀಗೆ ಬರೆದಿದೆ: ತೆರೆದರೆ ಇಬ್ಬರು ಸಾಯುತ್ತಾರೆ, ತೆರೆಯದಿದ್ದರೆ ಒಬ್ಬ ಸಾಯುತ್ತಾನೆ. ರಾಜ ಒಳ್ಳೆಯವನು. ಇಬ್ಬರು ಸಾಯುವುದಕ್ಕಿಂತ ಒಬ್ಬ ಸಾಯುವುದು ಮೇಲು, ತೆರೆಯುವುದು ಬೇಡ ಎನ್ನುತ್ತಾನೆ. ಜೋಯಿಸ ತಡೆಯುತ್ತಾನೆ: ಮಹಾಪ್ರಭು, ಇಬ್ಬರು ಎಂದರೆ ಸಾಮಾನ್ಯರು, ಒಬ್ಬ ಎಂದರೆ ತಾವು. ರಾಜ ತಕ್ಷಣ ಪತ್ರ ತೆರೆಯುತ್ತಾನೆ. ಒಳಗಿರುವುದು ಒಂದೇ ಸಾಲು: ವೀಣೆಯ ಪೆಟ್ಟಿಗೆಗೆ ಬಾಣ ಬಿಡು. ಅರಮನೆಗೆ ಹೋಗಿ ತಂತಿವಾದ್ಯದ ಪೆಟ್ಟಿಗೆಗೆ ಬಾಣ ಹೊಡೆದರೆ, ಅದರೊಳಗೆ ಅರಮನೆಯ ಒಬ್ಬ ಸನ್ಯಾಸಿಯೂ ಅಂತಃಪುರದ ಹೆಂಗಸೂ ಅಡಗಿದ್ದರು. ಇಬ್ಬರೂ ಸತ್ತರು.

ಆ ಉಪಕಾರಕ್ಕಾಗಿ ವರ್ಷದ ಮೊದಲ ಹುಣ್ಣಿಮೆಯ ದಿನ ಕಾಗೆಗೆ ಅಂಟಕ್ಕಿಯ ಅನ್ನವಿಡುವ ಪದ್ಧತಿ ಬಂತು ಎನ್ನುತ್ತದೆ ಕಥೆ. ಅಂಟಕ್ಕಿಗೆ ಜೇನು, ಖರ್ಜೂರದಂಥ ಹಣ್ಣು, ಚೆಸ್ಟ್‌ನಟ್ ಸೇರಿಸಿ ಬೇಯಿಸುವ ಯಾಕ್‌ಬಾಪ್ ಎಂಬ ಸಿಹಿ ಅನ್ನವನ್ನು ಕೊರಿಯನ್ನರು ಇವತ್ತಿಗೂ ಆ ಹಬ್ಬಕ್ಕೆ ಮಾಡುತ್ತಾರೆ, ಅದರ ಮೂಲವನ್ನು ಈ ಕಾಗೆಯ ಅನ್ನದಲ್ಲಿ ಕಾಣುತ್ತಾರೆ. ಪತ್ರ ಬಂದ ಕೊಳ ಗ್ಯೊಂಗ್‌ಜು ನಗರದ ಹೊರವಲಯದಲ್ಲಿದೆ, ಹೆಸರೇ ‘ಪತ್ರ ಹೊರಬಂದ ಕೊಳ’.

ಜಪಾನಿನ ಕಾಗೆಯ ಹೆಸರು ಯಾತಗರಸು. ‘ಯಾತ’ ಎಂದರೆ ಎಂಟು ಗೇಣು. ಎಂಟು ಗೇಣಿನ ಕಾಗೆ ಎಂದರೆ ಬಲು ದೊಡ್ಡ ಕಾಗೆ. 712ರ ‘ಕೊಜಿಕಿ’ ಮತ್ತು 720ರ ‘ನಿಹೊನ್ ಶೊಕಿ’, ಎರಡರಲ್ಲೂ ಇದರ ಕಥೆಯಿದೆ. ಮೊದಲ ಚಕ್ರವರ್ತಿ ಎಂದು ಪುರಾಣ ಹೇಳುವ ಜಿಮ್ಮು, ಕುಮಾನೊ ಬೆಟ್ಟಗಾಡಿನಲ್ಲಿ ದಾರಿ ತಪ್ಪಿದಾಗ ಸ್ವರ್ಗದಿಂದ ಈ ಕಾಗೆಯನ್ನು ಕಳುಹಿಸುತ್ತಾರೆ. ಅದು ಮುಂದೆ ಹಾರುತ್ತದೆ, ಸೈನ್ಯ ಹಿಂದೆ ನಡೆಯುತ್ತದೆ. ಎರಡೂ ಗ್ರಂಥಗಳನ್ನು ಹುಡುಕಿದರೂ ಮೂರು ಕಾಲಿನ ಸುಳಿವಿಲ್ಲ. ಜಪಾನಿನಲ್ಲಿ ಮೂರು ಕಾಲು ಅದಕ್ಕೆ ಅಂಟಿಕೊಂಡದ್ದು ಹತ್ತನೆಯ ಶತಮಾನದ ನಿಘಂಟೊಂದರ ಹೊತ್ತಿಗೆ, ಚೀನಾದ ಸೂರ್ಯನ ಕಾಗೆಯ ಜೊತೆ ಇದನ್ನು ಕಲಸಿದ ಮೇಲೆ.

‘ನಿಹೊನ್ ಶೊಕಿ’ಯಲ್ಲಿ ಈ ಓಲೆಕಾರನ ಅಸಲಿ ಪರೀಕ್ಷೆ ನಡೆಯುತ್ತದೆ. ಶಿಕಿ ಎಂಬ ನಾಡಿನ ಅಣ್ಣತಮ್ಮಂದಿರ ಬಳಿ ಕಾಗೆ ಹೋಗಿ, ದೇವರ ಮಗ ಕರೆಯುತ್ತಿದ್ದಾನೆ, ಬನ್ನಿ ಎಂದು ಕೂಗುತ್ತದೆ. ಅಣ್ಣ ಸಿಟ್ಟಾಗುತ್ತಾನೆ: ನಾನೇ ಕುದಿಯುತ್ತಿರುವಾಗ ಇದೆಂಥ ಕಾಗೆ, ಇಷ್ಟು ಕೆಟ್ಟದಾಗಿ ಕೂಗುತ್ತಿದೆ! ಬಿಲ್ಲು ಎಳೆಯುತ್ತಾನೆ, ಕಾಗೆ ಹಾರಿಹೋಗುತ್ತದೆ. ತಮ್ಮನ ಮನೆಯ ಮುಂದೆ ಅದೇ ಕೂಗು. ತಮ್ಮ ನಡುಗಿ, ಕೈಮುಗಿದು, ಎಲೆಗಳನ್ನು ಹೆಣೆದು ಎಂಟು ತಟ್ಟೆ ಮಾಡಿ, ಅದರಲ್ಲಿ ಊಟ ಬಡಿಸಿ ಕಾಗೆಗೆ ಇಡುತ್ತಾನೆ. ಎಲೆ ಹಚ್ಚಿ ಕಾಗೆಗೆ ಬಡಿಸುವ ಆ ದೃಶ್ಯವನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ. ನಮ್ಮ ಹಿತ್ತಿಲಿನ ಮುತ್ತುಗದ ಎಲೆ ಕಣ್ಣ ಮುಂದೆ ಬಂದಿತ್ತು.

ಕುಮಾನೊದ ಮೂರು ದೊಡ್ಡ ದೇಗುಲಗಳು ಇಂದಿಗೂ ಕಾಗೆಗಳನ್ನೇ ಅಕ್ಷರವಾಗಿಸಿ ಅಚ್ಚು ಹಾಕಿದ ರಕ್ಷಾಪತ್ರಗಳನ್ನು ಕೊಡುತ್ತವೆ. ಹೊಂಗು ದೇಗುಲದ ಪತ್ರದಲ್ಲಿ 88 ಕಾಗೆಗಳು. ಮಧ್ಯಯುಗದಲ್ಲಿ ಸಾಮುರಾಯಿಗಳು ಈ ಪತ್ರದ ಬೆನ್ನಿನ ಮೇಲೆ ಆಣೆ ಬರೆದುಕೊಡುತ್ತಿದ್ದರು. ಮಾತಿಗೆ ತಪ್ಪಿದರೆ ಕುಮಾನೊದಲ್ಲಿ ಕಾಗೆ ಸಾಯುತ್ತದೆ, ಆಣೆ ಮುರಿದವನು ರಕ್ತ ಕಾರಿ ಸಾಯುತ್ತಾನೆ ಎಂಬ ನಂಬಿಕೆ. ಮುಂದೆ ಸೂಳೆಗೇರಿಯ ಹೆಂಗಸರು ‘ನಿನ್ನನ್ನೇ ಮದುವೆಯಾಗುತ್ತೇನೆ’ ಎಂದು ಒಬ್ಬರಿಗಿಂತ ಹೆಚ್ಚು ಗಿರಾಕಿಗಳಿಗೆ ಇದೇ ಪತ್ರದಲ್ಲಿ ಬರೆದುಕೊಡತೊಡಗಿದರು. ಪಾಪ, ಕುಮಾನೊದ ಕಾಗೆಗಳು! ಆಧುನಿಕ ಫುಟ್‌ಬಾಲನ್ನು ಜಪಾನಿಗೆ ಪರಿಚಯಿಸಿದವರಲ್ಲಿ ಮೊದಲಿಗರಾದ ನಾಕಮುರ ಕಾಕುನೊಸುಕೆ ಹುಟ್ಟಿದ್ದು ಇದೇ ಕುಮಾನೊ ಸೀಮೆಯ ನಾಚಿಕತ್ಸುಉರದಲ್ಲಿ. ಅಂಗಿಯ ಮೇಲಿನ ಕಾಗೆಗೆ ಹೀಗೆ ಊರಿನ ನಂಟೂ ಇದೆ.

ಕ್ಯೋಟೊದ ಕಾಮಿಗಾಮೊ ದೇಗುಲದಲ್ಲಿ ಪ್ರತಿ ಸೆಪ್ಟೆಂಬರ್ 9ರಂದು ಮಕ್ಕಳ ಸುಮೊ ಕುಸ್ತಿ ನಡೆಯುತ್ತದೆ. ಕುಸ್ತಿಗೆ ಮೊದಲು ಗಂಭೀರ ಮುಖದ ಅರ್ಚಕರು ಅಡ್ಡಡ್ಡ ಕುಪ್ಪಳಿಸುತ್ತಾ ಬಂದು ‘ಕಾ ಕಾ, ಕೋ ಕೋ’ ಎಂದು ಕೂಗುತ್ತಾರೆ. ಕಾಗೆ ಕುಪ್ಪಳಿಸುವುದನ್ನು ಗಮನಿಸಿ ನೋಡಿದವರು ಮಾತ್ರ ಹಾಗೆ ಕುಪ್ಪಳಿಸಲು ಸಾಧ್ಯ.

ಚೀನಾದಲ್ಲಿ ಕಾಗೆಗೆ ಇನ್ನೊಂದು ಬಿರುದಿದೆ. ಕ್ರಿಸ್ತಶಕ 100ರ ಸುಮಾರಿಗೆ ಶೂ ಶೆನ್ ಬರೆದ ನಿಘಂಟು ಕಾಗೆಗೆ ಕೊಡುವ ಅರ್ಥ ‘ಮಾತಾಪಿತೃಭಕ್ತಿಯುಳ್ಳ ಹಕ್ಕಿ’ ಎಂದು. ದೊಡ್ಡದಾದ ಕಾಗೆಮರಿ ಮುದಿ ತಾಯಿಗೆ ತುತ್ತು ತಂದು ತಿನ್ನಿಸುತ್ತದೆ ಎಂಬ ನಂಬಿಕೆ. ಪಕ್ಷಿತಜ್ಞರು ಒಪ್ಪುವುದಿಲ್ಲ. ನನ್ನ ಊಹೆ ಏನೆಂದರೆ, ಗೂಡು ಬಿಟ್ಟ ಕಾಗೆಮರಿ ತಾಯಿಯಷ್ಟೇ ದೊಡ್ಡದಿರುತ್ತದೆ, ಆದರೂ ಬಾಯಿ ಕಳೆದು ತುತ್ತು ಬೇಡುತ್ತದೆ. ನೋಡಿದವರಿಗೆ ಯಾರು ತಾಯಿ, ಯಾರು ಮಗು ಎಂದು ತಿಳಿಯಬೇಕಲ್ಲ. ತಪ್ಪು ಗ್ರಹಿಕೆಯಾದರೂ ಅದರಿಂದ ಒಳ್ಳೆಯ ಸಾಹಿತ್ಯ ಹುಟ್ಟಿತು. 267ರಲ್ಲಿ ಲಿ ಮಿ ಎಂಬ ಪಂಡಿತನಿಗೆ ಹೊಸ ಜಿನ್ ಸಾಮ್ರಾಟನಿಂದ ಕೆಲಸಕ್ಕೆ ಕರೆ ಬಂತು. ಆರು ತಿಂಗಳ ಕೂಸಾಗಿದ್ದಾಗ ತಂದೆ ತೀರಿಕೊಂಡು, ನಾಲ್ಕರಲ್ಲಿ ತಾಯಿ ಮರುಮದುವೆಯಾಗಿ ಹೋಗಿ, ಅಜ್ಜಿಯ ಕೈಯಲ್ಲಿ ಬೆಳೆದವನು ಅವನು. ಅವನು ಬರೆದ ಅರ್ಜಿಯ ಲೆಕ್ಕ ಹೀಗಿದೆ: ನನಗೆ 44, ಅಜ್ಜಿಗೆ 96. ತಮ್ಮ ಸೇವೆ ಮಾಡಲು ನನಗೆ ಬಹಳ ದಿನಗಳಿವೆ, ಅಜ್ಜಿಯ ಸೇವೆಗೆ ಉಳಿದಿರುವ ದಿನಗಳು ಕಡಿಮೆ. ಕಾಗೆಗಿರುವಷ್ಟು ಮಮತೆಯಿಂದ ಕೇಳಿಕೊಳ್ಳುತ್ತೇನೆ, ಕೊನೆಯವರೆಗೆ ಅವಳನ್ನು ನೋಡಿಕೊಳ್ಳಲು ಬಿಡಿ. ರಜೆ ಅರ್ಜಿಗಳ ಇತಿಹಾಸದಲ್ಲಿ ಇದಕ್ಕೆ ಸಮನಾದದ್ದನ್ನು ನಾನು ಓದಿಲ್ಲ.

ಇಷ್ಟೆಲ್ಲ ಮರ್ಯಾದೆ ಇದ್ದ ಹಕ್ಕಿ ಆಮೇಲೆ ಏನಾಯಿತು? ಇವತ್ತಿನ ಚೀನೀಯರು ಅಪಶಕುನ ನುಡಿಯುವವನನ್ನು ‘ಕಾಗೆ ಬಾಯಿ’ ಎಂದು ಬೈಯುತ್ತಾರೆ. ಕೊರಿಯಾದಲ್ಲಿ ಬೆಳಗ್ಗೆ ಕೂಗಿ ನೆಂಟರು ಬರುವ ಸುದ್ದಿ ಕೊಡುವುದು ಮ್ಯಾಗ್‌ಪೈ ಹಕ್ಕಿ. ನಮ್ಮ ಕಾಗೆ ಮಾಡುವ ಆ ಕೆಲಸ ಅಲ್ಲಿ ಅದರ ಪಾಲಾಗಿದೆ. ಆದರೂ ಕೊರಿಯನ್ನರು ಒಂದು ಕಡೆ ಕಾಗೆಯನ್ನು ಬಿಟ್ಟಿಲ್ಲ. ಏಳನೆಯ ತಿಂಗಳ ಏಳನೆಯ ದಿನ, ಆಕಾಶಗಂಗೆಯ ಎರಡು ದಡಗಳಲ್ಲಿರುವ ದನಗಾಹಿ ಮತ್ತು ನೇಯ್ಗೆಯ ಹೆಣ್ಣು ಎಂಬ ನಕ್ಷತ್ರ ಪ್ರೇಮಿಗಳು ವರ್ಷಕ್ಕೊಮ್ಮೆ ಸೇರುತ್ತಾರೆ. ಚೀನಾದ ಕಥೆಯಲ್ಲಿ ಅವರಿಗೆ ಸೇತುವೆಯಾಗುವುದು ಸಾಮಾನ್ಯವಾಗಿ ಮ್ಯಾಗ್‌ಪೈಗಳು. ಕೊರಿಯಾದ ಕಥೆಯಲ್ಲಿ ಕಾಗೆಗಳೂ ಸೇರುತ್ತವೆ. ಪ್ರೇಮಿಗಳು ತುಳಿದು ನಡೆದದ್ದರಿಂದ ಆ ದಿನದ ನಂತರ ಅವುಗಳ ತಲೆಯ ಗರಿ ಉದುರಿರುತ್ತದಂತೆ. ಅದು ಗರಿ ಉದುರಿಸುವ ಕಾಲವೂ ಹೌದೆನ್ನಿ.

ಭಾಷಣದ ನಂತರ ಮೂರು ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, ನಮ್ಮ ಪಿಂಡಕ್ಕೂ ಶಿಲ್ಲಾದ ಅನ್ನಕ್ಕೂ ಸಂಬಂಧವಿದೆಯೇ ಎಂದು ಕೇಳಿದರು. ಹಾಗೆ ಹೇಳಲು ನನ್ನಲ್ಲಿ ಆಧಾರವಿಲ್ಲ ಎಂದೆ. ನಾವು ಕಾಗೆಯ ಮೂಲಕ ಹಿರಿಯರಿಗೆ ಬಡಿಸುತ್ತೇವೆ, ಶಿಲ್ಲಾದವರು ಬಡಿಸಿದ್ದು ಕಾಗೆಗೇ, ದಾರಿ ತೋರಿದ ಕೂಲಿಯಾಗಿ. ಒಬ್ಬ ಹುಡುಗಿ, ಅವು ನಮ್ಮ ಕಾಗೆಗಳೇನಾ ಎಂದಳು. ಅಲ್ಲಿ ಹೆಚ್ಚಾಗಿ ಇರುವುದು ನಮ್ಮ ಕಾಡುಕಾಗೆಯಂಥ ಪೂರ್ತಿ ಕಪ್ಪಿನವು. ಚೀನಾದ ಹಳೆಯ ಕೋಶವೊಂದು, ಪೂರ್ತಿ ಕಪ್ಪಗಿರುವುದು ತಾಯಿಗೆ ತುತ್ತು ಕೊಡುತ್ತದೆ, ಹೊಟ್ಟೆಯ ಕೆಳಗೆ ಬಿಳುಪಿರುವುದು ಕೊಡುವುದಿಲ್ಲ ಎಂದು ಭಾಗ ಮಾಡುತ್ತದೆ. ಬೂದು ಕತ್ತಿನ ನಮ್ಮ ಊರುಕಾಗೆ ಆ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ.

ಮೂರನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಸೂರ್ಯ, ರಾಜ, ಫುಟ್‌ಬಾಲ್ ಎಲ್ಲ ಸರಿ, ಅಲ್ಲಿ ಕಾಗೆಗೂ ಸಾವಿಗೂ ಏನೂ ನಂಟಿಲ್ಲವೇ?

ಇದೆ. ಕೊರಿಯಾದ ಜೇಜು ದ್ವೀಪದಲ್ಲಿ, ಸತ್ತವರಿಗಾಗಿ ನಡೆಸುವ ವಿಧಿಗಳಲ್ಲಿ ಅಲ್ಲಿನ ದೈವಪಾತ್ರಿಗಳು ಒಂದು ದೀರ್ಘ ಕಥೆಯನ್ನು ಹಾಡುತ್ತಾರೆ. ಅದರಲ್ಲಿ ಬರುವ ದೊರೆ ಯೊಮ್ರಾ ಬೇರೆ ಯಾರೂ ಅಲ್ಲ, ಬೌದ್ಧರ ಜೊತೆ ಅಷ್ಟು ದೂರ ಹೋದ ನಮ್ಮ ಯಮ. ಅವನ ದೂತ ಗಂಗ್ನಿಮ್. ಹೆಂಗಸರು ಎಪ್ಪತ್ತಕ್ಕೆ, ಗಂಡಸರು ಎಂಬತ್ತಕ್ಕೆ, ವಯಸ್ಸಿನ ಕ್ರಮದಲ್ಲಿ ಬರಬೇಕು ಎಂದು ಬರೆದ ಓಲೆಯನ್ನು ಭೂಮಿಗೆ ಮುಟ್ಟಿಸಲು ಯಮ ಅವನನ್ನು ಕಳುಹಿಸುತ್ತಾನೆ. ದಾರಿಯಲ್ಲಿ ಕಾಗೆ ಸಿಕ್ಕಿ, ಕೊಡು, ನಾನು ಮುಟ್ಟಿಸುತ್ತೇನೆ ಎನ್ನುತ್ತದೆ. ಗಂಗ್ನಿಮ್ ಓಲೆಯನ್ನು ಅದರ ರೆಕ್ಕೆಗೆ ಕಟ್ಟುತ್ತಾನೆ. ಹಾರುತ್ತಾ ಹೋಗುವಾಗ ಕೆಳಗೆ ಒಂದು ಕಡೆ ಕುದುರೆ ಕಡಿಯುತ್ತಿದ್ದಾರೆ. ಒಂದು ತೊಟ್ಟು ರಕ್ತ ಸಿಕ್ಕೀತೆಂದು ಕಾಗೆ ಇಳಿದು ಕಾಯುತ್ತದೆ. ಕಡಿಯುವವನು ಗೊರಸಿನ ಚೂರೊಂದನ್ನು ಎಸೆಯುತ್ತಾನೆ. ತನಗೇ ಬಿತ್ತೆಂದು ಬೆದರಿದ ಕಾಗೆ ರೆಕ್ಕೆ ಬಡಿದು ಏಳುತ್ತದೆ, ಓಲೆ ಜಾರಿ ಬೀಳುತ್ತದೆ. ಕಲ್ಲುಗೋಡೆಯ ಸಂದಿನ ಹಾವು ಅದನ್ನು ನುಂಗುತ್ತದೆ. ಅದಕ್ಕೇ ಹಾವು ಒಂಬತ್ತು ಸಲ ಸತ್ತರೂ ಹತ್ತನೆಯ ಸಲ ಬದುಕುತ್ತದೆ.

ಬರಿಗೈಯಲ್ಲಿ ಊರಿಗೆ ಬಂದ ಕಾಗೆ ಬಾಯಿಗೆ ಬಂದದ್ದನ್ನು ಕೂಗಿತು: ಹಿರಿಯರು ಹೋಗುವಲ್ಲಿ ಮಕ್ಕಳು ಬನ್ನಿ, ಮಕ್ಕಳು ಹೋಗುವಲ್ಲಿ ಹಿರಿಯರು ಬನ್ನಿ. ಅಂದಿನಿಂದ ಸಾವಿಗೆ ಸರದಿ ಇಲ್ಲ. ಮಗುವನ್ನು ಕಳೆದುಕೊಂಡ ಮನೆಯಲ್ಲೂ ಈ ಹಾಡನ್ನು ಹಾಡುತ್ತಾರೆ.

ಕಥೆಯಲ್ಲಿ ಇನ್ನೊಂದು ಚೂರಿದೆ. ಓಲೆ ಕಾಣದಾದಾಗ ಹತ್ತಿರದಲ್ಲಿದ್ದದ್ದು ಒಂದು ಹದ್ದು. ಇದೇ ಕದ್ದಿರಬೇಕು ಎಂದು ಕಾಗೆ ಅದರ ಮೇಲೆ ಬಿತ್ತು. ನನ್ನ ಓಲೆ ಕೊಡು ಎಂದು ಕಾಗೆ, ನಾನು ನೋಡಿಲ್ಲ ಎಂದು ಹದ್ದು. ನಾಳೆ ಮಧ್ಯಾಹ್ನ ತಾರಸಿಗೆ ಹೋಗಿ ತಲೆ ಎತ್ತಿ ನೋಡಿ. ನಮ್ಮ ಆಕಾಶದಲ್ಲೂ ಎರಡು ಕಾಗೆಗಳು ಒಂದು ಹದ್ದನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತವೆ.